ನ್ಯೂಯಾರ್ಕಿನ ಹಾದಿಗಳೂ ಒಬ್ಬ ಅಧಿಕಾರಿಯೂ

ಬಾವಿ ತೋಡಿಸುವುದು, ಕೆರೆ ಕಟ್ಟಿಸುವುದು, ತೋಪು ಹಾಕಿಸುವುದು, ಅರವಟ್ಟಿಗೆಯಿಡಿಸುವುದು ಮುಂತಾದ ಲೋಕೋಪಕಾರದ ಕಾರ್ಯಗಳಿಗೆ ನಮ್ಮ ಪೂರ್ವಿಕರು ‘ಪೂರ್ತ’ವೆಂದು ಹೆಸರಿಟ್ಟು, ಯಜ್ಞಯಾಗಾದಿಗಳ ಜೊತೆಯಲ್ಲಿಯೇ ಅವುಗಳನ್ನು ಎಣಿಸಿದರು. ಆದರೆ ಈ ಧರ್ಮಕ್ಕೊಂದು ಕಟ್ಟಳೆಯುಂಟು. ಕೆರೆಯನ್ನು ಕಟ್ಟಿಸಿದ ಮಾತ್ರಕ್ಕೆ ಕರ್ತೃವಿನ ಕೆಲಸ ಮುಗಿಯದು. ತನ್ನದೆಂಬ ಭಾವವನ್ನು ತೊರೆದು, ಸಕಲ ಪ್ರಾಣಿಗಳಿಗೂ ಅದನ್ನು ವಿಧಿಪೂರ್ವಕವಾಗಿ ಒಪ್ಪಿಸಿಬಿಡಬೇಕು. ಇದಕ್ಕೆ ಉತ್ಸರ್ಗವೆಂದು ಹೆಸರು. ಉತ್ಸರ್ಗವಾಗದ ಕೆರೆಯು ಎಷ್ಟೇ ದೊಡ್ಡದಾದರೂ ಕಟ್ಟಿಸಿದವನ ಸ್ವತ್ತೇ ಹೊರತು ಊರಿನ ಧರ್ಮವೆನಿಸದು.

ಪಾಠಶಾಲೆಯಲ್ಲಿ ಎಷ್ಟೋ ಸಲ ಹೇಳಿಕೊಟ್ಟಿದ್ದ ಈ ಮಾತಿನ ಅರ್ಥವು ನಮಗೆ ಚೆನ್ನಾಗಿ ಮನದಟ್ಟಾದುದು ಅಮೆರಿಕದ ನ್ಯೂಯಾರ್ಕ್ ಮಹಾನಗರದಲ್ಲಿ. ಅಲ್ಲಿ ಕ್ವೀನ್ಸ್ ಎಂಬ ಭಾಗದಲ್ಲಿ ಬಂಧುಗಳ ಮನೆಯಲ್ಲಿ ಒಂದು ಬೇಸಿಗೆಯನ್ನು ಕಳೆಯುವ ಸಂದರ್ಭ ನಮಗೆ ಒದಗಿತು. ಊರನ್ನು ನೋಡಲು ಹೊರಟಾಗಲೆಲ್ಲ, ಈ ಸೇತುವೆಯನ್ನು ಯಾರು ಕಟ್ಟಿಸಿದರು, ಈ ಉಪವನವನ್ನು ಯಾರು ಮಾಡಿಸಿದರು, ಈ ಹೆದ್ದಾರಿಗಾಗಿ ಇಲ್ಲಿದ್ದ ಮನೆಗಳನ್ನು ಯಾರು ಕೆಡವಿಸಿದರು ಎಂದು ಕೇಳಿದರೆ, ಮೂರು ಪ್ರಶ್ನೆಗಳಿಗೂ ಒಂದೇ ಉತ್ತರ ಬರುತ್ತಿತ್ತು: ರಾಬರ್ಟ್ ಮೋಸೆಸ್. ದೊರೆಯಲ್ಲದ, ಜನರಿಂದ ಚುನಾಯಿತನೂ ಅಲ್ಲದ ಒಬ್ಬ ಅಧಿಕಾರಿಯ ಹೆಸರು ಒಂದು ಮಹಾನಗರದ ಮೂಲೆಮೂಲೆಯಲ್ಲಿಯೂ ಹೀಗೆ ಅಂಟಿಕೊಂಡಿರುವುದನ್ನು ಕಂಡು, ಆತನ ಕಾರ್ಯಗಳನ್ನು ಒಂದೊಂದಾಗಿ ನೋಡಬೇಕೆಂಬ ಆಸೆ ನಮಗೆ ಹುಟ್ಟಿತು. ಆ ಸಂಚಾರದ ವಿವರವನ್ನು ವಾಚಕರ ಮುಂದಿಡುತ್ತೇವೆ.

ನ್ಯೂಯಾರ್ಕು ನೀರಿನ ನಡುವಣ ಊರು. ಅದರ ಐದು ಭಾಗಗಳಲ್ಲಿ ಬ್ರಾಂಕ್ಸ್ ಒಂದು ಮಾತ್ರ ಭೂಖಂಡದ ಮೇಲಿರುವುದು. ಮ್ಯಾನ್‌ಹಟನ್ನೂ ಸ್ಟ್ಯಾಟನ್ ಐಲೆಂಡೂ ದ್ವೀಪಗಳು. ಬ್ರೂಕ್ಲಿನ್ನೂ ಕ್ವೀನ್ಸೂ ಲಾಂಗ್ ಐಲೆಂಡ್ ಎಂಬ ಉದ್ದನೆಯ ದ್ವೀಪದ ಪಶ್ಚಿಮದ ತುದಿ. ಇಂಥ ಊರಿನಲ್ಲಿ ಸೇತುವೆಗಳು ಯಾರ ಕೈಯಲ್ಲಿರುವುವೋ ಊರೂ ಬಹುಮಟ್ಟಿಗೆ ಅವರ ಕೈಯಲ್ಲಿದ್ದಂತೆಯೇ ಸರಿ. ಮೋಸೆಸ್ ಮಹಾಶಯರು ೧೮೮೮ರಲ್ಲಿ ಹುಟ್ಟಿ, ಯೇಲ್, ಆಕ್ಸ್‌ಫರ್ಡ್, ಕೊಲಂಬಿಯಾ ವಿದ್ಯಾಪೀಠಗಳಲ್ಲಿ ಓದಿ ಪಂಡಿತರಾದವರು. ೧೯೩೪ರಲ್ಲಿ ಸಂಸ್ಥಾನದ ಗವರ್ನರ್ ಪದವಿಗೆ ನಿಂತು ಭಾರಿ ಅಂತರದಿಂದ ಸೋತರು; ಆ ಮೇಲೆ ಎಂದೂ ಜನರ ಮತವನ್ನು ಬೇಡಲಿಲ್ಲ. ಆದರೂ ೧೯೨೪ರಿಂದ ೧೯೬೮ರವರೆಗೆ, ನಾಲ್ವತ್ತನಾಲ್ಕು ವರ್ಷಗಳ ಕಾಲ, ಗವರ್ನರುಗಳೂ ನಗರಾಧ್ಯಕ್ಷರೂ ಬಂದು ಹೋಗುತ್ತಿರಲು ಇವರು ಮಾತ್ರ ಕದಲಲಿಲ್ಲ. ಒಂದು ಕಾಲಕ್ಕೆ ಹನ್ನೆರಡು ಅಧಿಕಾರಗಳು ಇವರೊಬ್ಬರಲ್ಲಿಯೇ ಕೂಡಿದ್ದುವು. ಮೋಟಾರು ವಾಹನಗಳಿಗಾಗಿ ಇಷ್ಟು ಹಾದಿಗಳನ್ನು ಮಾಡಿಸಿದ ಈ ಪುರುಷರಿಗೆ ಮೋಟಾರು ನಡೆಸಲು ಬರುತ್ತಿರಲಿಲ್ಲವೆಂಬುದೊಂದು ವಿಚಿತ್ರ. ನಮಗೂ ಬಾರದು. ಅವರಿಗೆ ಸದಾ ಸಾರಥಿಯಿದ್ದನು. ನಮಗಿದ್ದುದು ರೈಲು, ಬಸ್ಸು, ಎರಡು ಕಾಲು.

ಮೊದಲು ಅವರ ಕೀರ್ತಿಗೆ ಅಡಿಗಲ್ಲಾದ ಜೋನ್ಸ್ ಬೀಚ್ ಎಂಬ ಕಡಲತೀರಕ್ಕೆ ಹೋದೆವು. ಫ್ರೀಪೋರ್ಟಿನವರೆಗೆ ರೈಲು, ಅಲ್ಲಿಂದ ಬೇಸಿಗೆಯ ಬಸ್ಸು. ಒಂದು ಶತಮಾನದ ಹಿಂದೆ ಲಾಂಗ್ ಐಲೆಂಡಿನ ಒಳ್ಳೆಯ ತೀರಗಳೆಲ್ಲ ಶ್ರೀಮಂತರ ಬಂಗಲೆಗಳಿಗೂ ಆಯಾ ಊರಿನವರಿಗೂ ಮೀಸಲಾಗಿದ್ದುವು. ನಗರದ ವಠಾರಗಳಲ್ಲಿ ಬೆಂದು ಬೇಯುವ ಕೂಲಿಕಾರನಿಗೆ, ಗುಮಾಸ್ತನಿಗೆ, ಅವರ ಹೆಂಡಿರುಮಕ್ಕಳಿಗೆ ಸಮುದ್ರವು ಇಷ್ಟು ಹತ್ತಿರದಲ್ಲಿದ್ದರೂ ದೂರವೇ ಆಗಿತ್ತು. ಮೋಸೆಸ್ಸರು ಜೌಗಿನ ನಡುವಣ ಮರಳದಿಬ್ಬವೊಂದನ್ನು ಆರಿಸಿಕೊಂಡು, ಕೊಲ್ಲಿಯ ತಳದಿಂದ ಮರಳನ್ನೆತ್ತಿಸಿ ನೆಲವನ್ನೇರಿಸಿ, ಅದು ಗಾಳಿಗೆ ಹಾರದಂತೆ ಹುಲ್ಲನ್ನು ನೆಡಿಸಿ, ೧೯೨೯ರ ಆಗಸ್ಟಿನಲ್ಲಿ ಈ ಬಯಲನ್ನು ಸರ್ವಜನರಿಗೆ ತೆರೆದರು. ಆರೂವರೆ ಮೈಲಿ ಉದ್ದದ ತೀರ. ಇಟ್ಟಿಗೆಯಿಂದಲೂ ಕಲ್ಲಿನಿಂದಲೂ ಕಟ್ಟಿದ ಸ್ನಾನಗೃಹಗಳು. ವೆನಿಸ್ ನಗರದ ಘಂಟಾಗೋಪುರದ ಮಾದರಿಯ ನೀರಿನ ಗೋಪುರ. ಬಡವರಿಗೆ ತಗಡಿನ ಚಪ್ಪರ ಸಾಕೆನ್ನುವವರ ಗುಂಪಿಗೆ ಈ ಮನುಷ್ಯನು ಸೇರಿದವನಲ್ಲವೆಂಬುದನ್ನು ಅಲ್ಲಿಯ ಒಂದೊಂದು ಕಲ್ಲೂ ಹೇಳುವುದು.

ನಾವು ಹೋದ ದಿನ ಭಾನುವಾರ. ಲೋಕದ ಎಲ್ಲ ಬಣ್ಣದ ಜನರೂ ಅಲ್ಲಿದ್ದರು. ಅಜ್ಜಿಯರು ಕೊಡೆಯ ನೆರಳಿನಲ್ಲಿ ಕುಳಿತು ಬುತ್ತಿಯನ್ನು ಬಿಚ್ಚುತ್ತಿದ್ದರು. ಮಕ್ಕಳು ಅಲೆಯನ್ನು ಅಟ್ಟಿಕೊಂಡು ಹೋಗಿ ಅದು ತಿರುಗಿದೊಡನೆ ಕೂಗುತ್ತ ಓಡಿ ಬರುತ್ತಿದ್ದರು. ಇಂಥ ಸ್ಥಳವನ್ನು ಮಾಡಿಸಿದವನು ಎಷ್ಟು ಮನೆಗಳ ಹರಕೆಗೆ ಪಾತ್ರನಾದನೋ ಎಂದು ನಾವು ಮನಸ್ಸಿನಲ್ಲಿಯೇ ವಂದಿಸಿದೆವು.

ಆದರೆ ಈ ತೀರಕ್ಕೆ ಬರುವ ಮುಖ್ಯವಾದ ಹಾದಿಯ ಕಥೆ ಬೇರೆ. ಮತ್ತೊಂದು ದಿನ ಬಂಧುಗಳ ಮೋಟಾರಿನಲ್ಲಿ ಆ ಹಾದಿಯನ್ನೂ ನೋಡಿದೆವು. ಎರಡು ಕಡೆಯೂ ಮರಹುಲ್ಲುಗಳಿಂದ ಕೂಡಿದ ಈ ವಿಹಾರಮಾರ್ಗಗಳಿಗೆ ಪಾರ್ಕ್‌ವೇ ಎಂದು ಹೆಸರು. ಅವುಗಳ ಮೇಲೆ ಅಡ್ಡಲಾಗಿ ಹಾಯುವ ಕಲ್ಲಿನ ಕಮಾನುಗಳು ನೋಡಲು ಬಲು ಸೊಗಸು; ಆದರೆ ಎತ್ತರ ಕಡಿಮೆ. ಬಸ್ಸಿನಲ್ಲಿ ಬರುವ ಬಡವರು, ವಿಶೇಷವಾಗಿ ಕರಿಯ ಜನರು, ತೀರಕ್ಕೆ ಬಾರದಿರಲೆಂದೇ ಕಮಾನುಗಳನ್ನು ತಗ್ಗಾಗಿ ಕಟ್ಟಿಸಿದರೆಂದು, ಮೋಸೆಸ್ಸರ ಜೀವನವನ್ನು ೧೯೭೪ರಲ್ಲಿ ದೊಡ್ಡ ಗ್ರಂಥವಾಗಿ ಬರೆದ ರಾಬರ್ಟ್ ಕೆರೋ ಎಂಬವರು ಹೇಳಿದ್ದಾರೆ. ವಿಹಾರಮಾರ್ಗಗಳಲ್ಲಿ ಬಸ್ಸು ಲಾರಿಗಳಿಗೆ ಕಾನೂನಿನಲ್ಲಿಯೇ ಎಡೆಯಿರಲಿಲ್ಲ, ಕಮಾನಿನ ಎತ್ತರಕ್ಕೆ ದುರುದ್ದೇಶವನ್ನು ಆರೋಪಿಸಬೇಕಾಗಿಲ್ಲ, ಬೇರೆ ಹಾದಿಗಳಿಂದ ಬಸ್ಸುಗಳು ತೀರಕ್ಕೆ ಬರುತ್ತಲೇ ಇದ್ದುವು ಎಂದು ಅನಂತರದ ವಿದ್ವಾಂಸರು ಕೆಲವರು ವಾದಿಸಿದ್ದಾರೆ. ಉದ್ದೇಶವೇನೆಂಬುದನ್ನು ಅವರವರ ಅಂತರಂಗವೇ ಬಲ್ಲದು. ಫಲವನ್ನು ಮಾತ್ರ ಯಾರೂ ಅಲ್ಲಗಳೆಯಲಾರರು: ಸರ್ವಜನರಿಗೆಂದು ತೆರೆದ ಬಾಗಿಲಿಗೆ ಹಾಕಿದ ರಾಜಬೀದಿಯು ಸ್ವಂತ ಮೋಟಾರುಳ್ಳವರಿಗೆ ಮಾತ್ರವಾಗಿತ್ತು.

ಇನ್ನು ಅವರ ಅಧಿಕಾರದ ಬೇರು ಎಲ್ಲಿದ್ದಿತೆಂಬುದನ್ನು ನೋಡಲು ಕ್ವೀನ್ಸಿನ ಆಸ್ಟೋರಿಯಾ ಉಪವನಕ್ಕೆ ಹೋದೆವು. ನದಿಯ ದಡದ ಆ ಉಪವನದಲ್ಲಿ ನಿಂತರೆ ಎರಡು ಸೇತುವೆಗಳು ಅಕ್ಕಪಕ್ಕದಲ್ಲಿ ಕಾಣುವುವು. ಒಂದು ಹೆಲ್ ಗೇಟ್ ಎಂಬ ರೈಲುಸೇತುವೆ, ೧೯೧೭ರದು. ಮತ್ತೊಂದು ಟ್ರೈಬರೋ, ಮ್ಯಾನ್‌ಹಟನ್, ಬ್ರಾಂಕ್ಸ್, ಕ್ವೀನ್ಸ್ ಮೂರನ್ನೂ ಕೂಡಿಸುವ ಮೋಟಾರುಸೇತುವೆಗಳ ಸಮೂಹ. ಇದು ೧೯೩೬ರ ಜುಲೈ ೧೧ರಂದು ತೆರೆಯಿತು. ೨೦೦೮ರಿಂದ ರಾಬರ್ಟ್ ಕೆನಡಿಯವರ ಹೆಸರನ್ನು ಹೊತ್ತಿದೆ. ಇವುಗಳ ನೆರಳಿನಲ್ಲಿಯೇ ನಗರದ ಅತಿ ದೊಡ್ಡ ಈಜುಕೊಳವಿರುವುದು. ೧೯೩೬ರ ಆ ಒಂದೇ ಬೇಸಿಗೆಯಲ್ಲಿ ಇಂಥ ಹನ್ನೊಂದು ಕೊಳಗಳನ್ನು ಮೋಸೆಸ್ಸರು ತೆರೆದರು. ದೇಶದಲ್ಲಿ ದುಡಿಮೆಯಿಲ್ಲದೆ ಲಕ್ಷಾಂತರ ಜನ ಬೀದಿಪಾಲಾಗಿದ್ದ ಕಾಲ; ಕೇಂದ್ರ ಸರ್ಕಾರದ ಹಣವನ್ನು ತಂದು, ಆ ಜನರ ಕೈಗೆ ಕೆಲಸವನ್ನೂ ಅವರ ಮಕ್ಕಳಿಗೆ ತಣ್ಣೀರನ್ನೂ ಕೊಟ್ಟರು. ಅವರು ನಗರದ ಉಪವನಾಧಿಕಾರಿಯಾದಾಗ ಮಕ್ಕಳ ಆಟದ ಬಯಲುಗಳು ೧೧೯, ಬಿಟ್ಟಾಗ ೭೭೭. ಈ ಅಂಕಿಗಳ ಮುಂದೆ ಎಂಥ ನಿಂದಕನೂ ಕ್ಷಣಕಾಲ ಸುಮ್ಮನಾಗಬೇಕು.

ನದಿಯ ನಡುವೆ, ಟ್ರೈಬರೋ ಸೇತುವೆಯ ಕೆಳಗೆ, ರ್‍ಯಾಂಡಲ್ಸ್ ಐಲೆಂಡ್ ಎಂಬ ಸಣ್ಣ ದ್ವೀಪವೊಂದಿದೆ. ಅಲ್ಲಿ ಅವರ ಕಚೇರಿಯಿತ್ತು. ಸೇತುವೆಯನ್ನು ಕಟ್ಟಲೆಂದು ಏರ್ಪಟ್ಟ ಮಂಡಲಿಯು ಸಾಲಪತ್ರಗಳನ್ನು ಮಾರಿ ಹಣವೆತ್ತಿ, ಹಾಯುವ ಮೋಟಾರೊಂದಕ್ಕೆ ಮೊದಲು ಇಪ್ಪತ್ತೈದು ಸೆಂಟಿನಂತೆ ಸುಂಕವನ್ನು ಕೂಡಿಸಿ ಸಾಲವನ್ನು ತೀರಿಸುವುದೆಂದು ಗೊತ್ತಾಗಿತ್ತು. ಸಾಲ ತೀರಿತೆಂದರೆ ಪತ್ರವನ್ನು ಹರಿದುಹಾಕುವುದು ನಮ್ಮ ಮನೆಗಳಲ್ಲಿಯೂ ರೂಢಿಯಷ್ಟೆ. ಅಲ್ಲಿಯ ರೂಢಿಯೂ ಹಾಗೆಯೇ. ಸಾಲ ತೀರಿದ ಮೇಲೆ ಮಂಡಲಿಯು ವಿಸರ್ಜನೆಯಾಗಬೇಕು, ಸೇತುವೆ ಊರಿಗೆ ಸೇರಬೇಕು. ಆದರೆ ೧೯೩೭ರಲ್ಲಿ ಮೋಸೆಸ್ಸರು ಶಾಸನದೊಳಗೆ ಕೆಲವು ಮಾತುಗಳನ್ನು ಸೇರಿಸಿದರು. ಹಳೆಯ ಸಾಲ ತೀರುವ ಮುನ್ನವೇ ಹೊಸ ಸಾಲವನ್ನೆತ್ತಿ ಹೊಸ ಕಾಮಗಾರಿಗಳನ್ನು ಹಿಡಿಯಬಹುದೆಂಬುದು ಅವುಗಳ ತಾತ್ಪರ್ಯ. ಸಾಲಪತ್ರವೆಂಬುದು ಕರಾರು, ಕರಾರನ್ನು ಯಾವ ಸಂಸ್ಥಾನವೂ ಮುರಿಯಕೂಡದೆಂದು ಅಮೆರಿಕದ ರಾಜ್ಯಾಂಗವು ಹೇಳುವುದು. ಹೀಗಾಗಿ ಮಂಡಲಿಗೆ ಮರಣವೂ ಇಲ್ಲ, ಅದರ ಅಧ್ಯಕ್ಷನನ್ನು ಕೇಳುವವರೂ ಇಲ್ಲ. ದುಡ್ಡಿದ್ದವನೇ ದೊಡ್ಡಪ್ಪನೆಂಬ ಗಾದೆ ನಮ್ಮದು. ನಗರದ ಬೊಕ್ಕಸವು ಬರಿದಾಗಿದ್ದಾಗಲೂ ಸುಂಕದ ಹಣವು ದ್ವೀಪದ ಕಚೇರಿಗೆ ಹಗಲಿರುಳು ಹರಿದು ಬರುತ್ತಿರಲು, ನಗರಾಧ್ಯಕ್ಷರೇ ಅಲ್ಲಿಗೆ ಹೋಗಿ ಕೈಕಟ್ಟಿ ನಿಲ್ಲುವಂತಾಯಿತು.

ಪೂರ್ತಧರ್ಮದ ಕಟ್ಟಳೆಯು ಮುರಿದುದು ಇಲ್ಲಿಯೇ ಎಂದು ನಮಗೆ ತೋರುವುದು. ಕೆರೆ ಕಟ್ಟಿಸಿದ್ದಾಯಿತು, ಉತ್ಸರ್ಗ ಮಾತ್ರ ಆಗಲಿಲ್ಲ.

ಅದರ ಫಲವೇನಾಯಿತೆಂದರೆ, ಮೋಟಾರಿನ ಸುಂಕದಿಂದ ಬಂದ ಹಣ ಮತ್ತಷ್ಟು ಮೋಟಾರುಹಾದಿಗಳಿಗೇ ಹೋಯಿತು. ಹಾದಿ ಹೆಚ್ಚಿದಂತೆ ಮೋಟಾರು ಹೆಚ್ಚಿತು. ಮೋಟಾರು ಹೆಚ್ಚಿದಂತೆ ಸುಂಕ ಹೆಚ್ಚಿತು. ಸುಂಕ ಹೆಚ್ಚಿದಂತೆ ಹೊಸ ಸೇತುವೆ. ಟ್ರೈಬರೋದ ನೂಕುನುಗ್ಗಲನ್ನು ತಗ್ಗಿಸಲು ೧೯೩೯ರಲ್ಲಿ ವೈಟ್‌ಸ್ಟೋನ್ ಸೇತುವೆಯನ್ನು ತೆರೆದರು, ಎರಡೂ ತುಂಬಿದುವು. ತುಪ್ಪ ಹೊಯ್ದು ಬೆಂಕಿಯಾರಿಸಲು ಹೊರಟಂತಾಯಿತು. ಇತ್ತ, ೧೯೦೪ರಲ್ಲಿ ಆರಂಭವಾಗಿ ನಗರವನ್ನೆಲ್ಲ ಹೊತ್ತು ತಿರುಗುತ್ತಿದ್ದ ನೆಲದಡಿಯ ರೈಲುಗಳು ಹಣವಿಲ್ಲದೆ ಸೊರಗಿದುವು. ಈ ಅಪರಾಧವೆಲ್ಲವನ್ನೂ ಮೋಸೆಸ್ಸರ ತಲೆಗೆ ಕಟ್ಟುವುದು ನ್ಯಾಯವಲ್ಲ. ರೈಲು ಅವರ ಅಧೀನದಲ್ಲಿರಲಿಲ್ಲ; ೧೯೪೮ರವರೆಗೂ ಐದೇ ಸೆಂಟಿನ ದರವನ್ನು ಏರಿಸಲಂಜಿದ ರಾಜಕಾರಣಿಗಳೂ, ಮೋಟಾರಿಗೆ ಮರುಳಾದ ಇಡೀ ದೇಶವೂ ಇದರಲ್ಲಿ ಪಾಲುಗಾರರು. ಎರಡನೆಯ ಅವೆನ್ಯೂವಿನ ಕೆಳಗೆ ಹಾಕಬೇಕೆಂದು ೧೯೨೦ರ ದಶಕದಲ್ಲಿಯೇ ಆಲೋಚಿಸಿದ್ದ ರೈಲಿನ ಮೊದಲ ಮೂರು ಹೊಸ ನಿಲ್ದಾಣಗಳು ತೆರೆದುದು ೨೦೧೭ರ ಜನವರಿ ೧ರಂದು. ತೊಂಬತ್ತು ವರ್ಷಗಳ ಸಮೀಪದ ಈ ವಿಳಂಬಕ್ಕೆ ಕರ್ತರು ಹಲವರು.

ಆದರೂ ಸುಲಭವಾಗಿ ಮಾಡಬಹುದಾಗಿದ್ದುದನ್ನು ಮಾಡದೆ ಬಿಟ್ಟ ಹೊಣೆ ಅವರದೇ ಎನ್ನಬೇಕಾದ ಸ್ಥಳಗಳೂ ಉಂಟು. ವಿಮಾನದಿಂದಿಳಿದ ಪ್ರಯಾಣಿಕನು ಮೊದಲು ಕಾಣುವ ವ್ಯಾನ್ ವಿಕ್ ಹೆದ್ದಾರಿ ಅವುಗಳಲ್ಲೊಂದು. ಇಂದು ಕೆನಡಿಯವರ ಹೆಸರನ್ನು ಹೊತ್ತಿರುವ ವಿಮಾನನಿಲ್ದಾಣಕ್ಕೆಂದು ಈ ಹಾದಿಯನ್ನು ಮಾಡುವಾಗ, ನಡುವೆ ಸ್ವಲ್ಪ ಅಗಲದ ನೆಲವನ್ನು ರೈಲಿಗಾಗಿ ಬಿಡಬೇಕೆಂದು ನಗರದ ಯೋಜನಾಶಾಖೆಯವರು ಸೂಚಿಸಿದರೆಂದೂ, ಮೋಸೆಸ್ಸರು ಅದನ್ನು ತಳ್ಳಿಹಾಕಿದರೆಂದೂ ಕೆರೋ ಅವರು ಬರೆದಿದ್ದಾರೆ. ಆಗ ನೆಲ ಅಗ್ಗವಾಗಿತ್ತು, ಅಗೆತವೂ ನಡೆದಿತ್ತು. ಅರ್ಧ ಶತಮಾನ ಕಳೆದ ಮೇಲೆ, ೨೦೦೩ರ ಡಿಸೆಂಬರಿನಲ್ಲಿ, ಅದೇ ಹೆದ್ದಾರಿಯ ನಡುವೆ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ವಿಮಾನನಿಲ್ದಾಣದ ರೈಲನ್ನು ಓಡಿಸಬೇಕಾಯಿತು. ನಾವು ಆ ರೈಲಿನಲ್ಲಿ ಕುಳಿತು ಹೋಗುವಾಗ ಕೆಳಗೆ ಮೋಟಾರುಗಳು ಸಾಲುಗಟ್ಟಿ ನಿಂತಿದ್ದುವು. ಹತ್ತು ಹೆಜ್ಜೆಯ ನೆಲವನ್ನು ಬಿಡದುದರ ಬೆಲೆಯನ್ನು ಅವರ ಮೊಮ್ಮಕ್ಕಳ ಕಾಲದವರು ತೆತ್ತರು.

ನೆಲವನ್ನು ಬಿಡದಿದ್ದುದರ ಕಥೆ ಇದಾದರೆ, ಇದ್ದ ಮನೆಗಳನ್ನು ಬಿಡಿಸಿದುದರ ಕಥೆಯು ಬ್ರಾಂಕ್ಸಿನಲ್ಲಿದೆ. ಅಲ್ಲಿಗೂ ಒಂದು ದಿನ ಹೋದೆವು. ಕ್ರಾಸ್ ಬ್ರಾಂಕ್ಸ್ ಎಂಬ ಹೆದ್ದಾರಿಯು ಸುಮಾರು ಏಳು ಮೈಲಿಯ ಉದ್ದಕ್ಕೆ ಆ ಭಾಗವನ್ನು ಅಡ್ಡಲಾಗಿ ಸೀಳಿಕೊಂಡು ಹೋಗಿದೆ. ೧೯೪೮ರಲ್ಲಿ ತೊಡಗಿ ೧೯೬೩ರ ಹೊತ್ತಿಗೆ ಬಹುಮಟ್ಟಿಗೆ ಮುಗಿದ ಕಾರ್ಯ. ಬಂಡೆಗಳನ್ನೊಡೆದು, ಬೀದಿಗಳನ್ನೂ ರೈಲುಗಳನ್ನೂ ನಿಲ್ಲಿಸದೆ ಅವುಗಳ ಕೆಳಗೂ ಮೇಲೂ ಹಾದಿ ಮಾಡಿದ ಶಿಲ್ಪಿಗಳ ಜಾಣ್ಮೆ ಅಸಾಧಾರಣವಾದುದೆಂದು ಬಲ್ಲವರು ಹೊಗಳುವರು. ನಾವು ಅದರ ಮೇಲಿನ ಒಂದು ಬೀದಿಯ ಸೇತುವೆಯ ಅಂಚಿನಲ್ಲಿ ನಿಂತೆವು. ಕೆಳಗಣ ಲಾರಿಗಳ ಆರ್ಭಟದಿಂದ ಪಕ್ಕದವರ ಮಾತು ಕೇಳಿಸದೆ, ಜೊತೆಯಲ್ಲಿ ಬಂದಿದ್ದವರೊಡನೆ ಕೈಸನ್ನೆಯಿಂದ ಮಾತನಾಡಬೇಕಾಯಿತು. ಶಾಲೆ ಬಿಟ್ಟ ಮಕ್ಕಳು ಆ ಹೊಗೆಯ ಮೇಲೆಯೇ ನಗುತ್ತ ಹಾದು ಹೋದರು. ಅವರಿಗೆ ಅದು ಹುಟ್ಟಿನಿಂದ ಬಂದ ಗಾಳಿ. ಬ್ರಾಂಕ್ಸಿನ ಮಕ್ಕಳಲ್ಲಿ ಉಬ್ಬಸದ ರೋಗವು ಹೆಚ್ಚೆಂಬುದು ವೈದ್ಯರೆಲ್ಲರೂ ಬಲ್ಲ ಸಂಗತಿ.

ಈ ಹಾದಿಯಲ್ಲಿ ಈಸ್ಟ್ ಟ್ರೆಮಾಂಟ್ ಎಂಬ ಕೇರಿಯಿದ್ದಿತು. ದರ್ಜಿಯ ಕೆಲಸ ಮೊದಲಾದುವನ್ನು ಮಾಡಿಕೊಂಡು ಮಾನವಾಗಿ ಬದುಕುತ್ತಿದ್ದ ಯೆಹೂದಿ ಸಂಸಾರಗಳೇ ಅಲ್ಲಿ ಹೆಚ್ಚು. ೧೯೫೨ರ ಡಿಸೆಂಬರಿನಲ್ಲಿ ಅವರ ಮನೆಮನೆಗೂ ಮೋಸೆಸ್ಸರ ಹೆಸರಿನಲ್ಲಿ ಕಾಗದ ಬಂದಿತು: ತೊಂಬತ್ತು ದಿನಗಳಲ್ಲಿ ಜಾಗ ಬಿಡಬೇಕು. ಒಂದು ಮೈಲಿಯ ಹಾದಿಗಾಗಿ ೧,೫೩೦ ಸಂಸಾರಗಳು ಒಕ್ಕಲೇಳಬೇಕಾಯಿತು. ಹೆದ್ದಾರಿಯನ್ನು ಎರಡು ಬೀದಿಯಷ್ಟು ದಕ್ಷಿಣಕ್ಕೆ ಸರಿಸಿ ಕ್ರೊಟೋನಾ ಉಪವನದ ಅಂಚಿನಲ್ಲಿ ಒಯ್ದರೆ ಆರೇ ಕಟ್ಟಡಗಳು ಹೋಗುವುವೆಂದು ಅಲ್ಲಿಯ ಗೃಹಿಣಿಯರು ಮುಂದಾಗಿ ನಿಂತು ನಕ್ಷೆಸಹಿತ ತೋರಿಸಿಕೊಟ್ಟರು. ಮೋಸೆಸ್ಸರು ಒಪ್ಪಲಿಲ್ಲ. ಹೆದ್ದಾರಿಗಳಿಗಾಗಿಯೇ ಅವರು ಒಟ್ಟು ೨,೫೦,೦೦೦ ಜನರನ್ನು ಮನೆ ಬಿಡಿಸಿದರೆಂದು ಕೆರೋ ಅವರ ಎಣಿಕೆ. ಮುಂದೆ ದಕ್ಷಿಣ ಬ್ರಾಂಕ್ಸು ಬೆಂಕಿಗೂ ಬಡತನಕ್ಕೂ ತುತ್ತಾದುದಕ್ಕೆ ಈ ಹಾದಿಯೊಂದೇ ಕಾರಣವಲ್ಲ. ಕಾರ್ಖಾನೆಗಳು ಹೋದುವು, ಬಲ್ಲಿದರು ಹೊರ ಊರುಗಳಿಗೆ ನಡೆದರು, ಮನೆಯೊಡೆಯರು ಮನೆಗಳನ್ನು ಕೈಬಿಟ್ಟರು. ಆದರೆ ಒಂದು ಕೇರಿಯೆಂದರೆ ಇಟ್ಟಿಗೆಯ ರಾಶಿಯಲ್ಲ. ಕಡ ಕೊಡುವ ಅಂಗಡಿ, ಮಗುವನ್ನು ನೋಡಿಕೊಳ್ಳುವ ನೆರೆಮನೆ, ಹಬ್ಬಕ್ಕೆ ಕರೆಯುವ ನಂಟು, ಇವೆಲ್ಲ ಸೇರಿ ಕೇರಿ. ಅದಕ್ಕೆ ಪರಿಹಾರದ್ರವ್ಯವನ್ನು ಕಟ್ಟುವ ಲೆಕ್ಕ ಯಾವ ಕಚೇರಿಯಲ್ಲಿಯೂ ಇಲ್ಲ.

ಎಲ್ಲ ಕೇರಿಗಳೂ ಸೋಲಲಿಲ್ಲ. ಮ್ಯಾನ್‌ಹಟನ್ನಿನ ವಾಷಿಂಗ್ಟನ್ ಚೌಕಕ್ಕೆ ಹೋದವರು ಇದಕ್ಕೆ ಸಾಕ್ಷಿಯನ್ನು ಕಾಣಬಹುದು. ಐದನೆಯ ಅವೆನ್ಯೂವನ್ನು ಈ ಉಪವನದ ನಟ್ಟನಡುವೆ ಹಾಯಿಸಬೇಕೆಂದು ಮೋಸೆಸ್ಸರು ಹಟ ಹಿಡಿದಿದ್ದರು. ಮಕ್ಕಳನ್ನು ಆಡಿಸಲು ಬರುತ್ತಿದ್ದ ತಾಯಂದಿರು ಸಂಘ ಕಟ್ಟಿಕೊಂಡು ಎದುರು ನಿಂತರು. ೧೯೫೮ರಲ್ಲಿ ಅಲ್ಲಿ ಮೋಟಾರುಗಳ ಸಂಚಾರವೇ ನಿಂತಿತು. ಆ ಹೋರಾಟದಲ್ಲಿ ಕೂಡಿದ ಜೇನ್ ಜೇಕಬ್ಸ್ ಎಂಬ ಲೇಖಕಿಯು ೧೯೬೧ರಲ್ಲಿ ಅಮೆರಿಕದ ಮಹಾನಗರಗಳ ಅಳಿವು ಉಳಿವುಗಳನ್ನು ಕುರಿತು ಗ್ರಂಥ ಬರೆದು, ಊರನ್ನು ಕಾಲುದಾರಿಯಿಂದ ನೋಡಬೇಕೆಂಬ ಪಾಠವನ್ನು ಲೋಕಕ್ಕೆ ಕಲಿಸಿದಳು. ದಕ್ಷಿಣ ಮ್ಯಾನ್‌ಹಟನ್ನಿನ ಬ್ರೂಮ್ ಬೀದಿಯನ್ನು ಹಿಡಿದು ಹತ್ತು ಸಾಲಿನ ಎತ್ತರಿಸಿದ ಹೆದ್ದಾರಿಯೊಂದನ್ನು ಕಟ್ಟುವ ಯೋಜನೆಯೂ ೧೯೬೨ರಲ್ಲೊಮ್ಮೆ ಬಿದ್ದು, ಮತ್ತೆ ಎದ್ದು, ೧೯೬೯ರಲ್ಲಿ ಕಡೆಯ ಸಲ ಬಿದ್ದಿತು. ಇಂದು ಅಲ್ಲಿ ಎರಕದ ಕಬ್ಬಿಣದ ಮುಖಗಳುಳ್ಳ ಹಳೆಯ ಕಟ್ಟಡಗಳನ್ನು ನೋಡಲು ದೇಶದೇಶದ ಜನ ಬರುವರು. ನಾವು ಚೌಕದ ಕಾರಂಜಿಯ ಬಳಿ ಗಂಟೆಗಟ್ಟಲೆ ಕುಳಿತಿದ್ದೆವು. ಚದುರಂಗವಾಡುವ ಮುದುಕರೂ ವಾದ್ಯ ನುಡಿಸುವ ಹುಡುಗರೂ ಸುತ್ತಲಿದ್ದರು. ಬಾರದ ಹಾದಿಯೊಂದು ಊರಿಗೆ ಮಾಡಿದ ಉಪಕಾರವನ್ನು ಅಲ್ಲಿ ಕಂಡೆವು.

ಮೋಸೆಸ್ಸರ ಕಡೆಯ ಮಹಾಕಾರ್ಯವೆಂದರೆ ಬ್ರೂಕ್ಲಿನ್ನಿಗೂ ಸ್ಟ್ಯಾಟನ್ ಐಲೆಂಡಿಗೂ ನಡುವೆ ಬಂದರಿನ ಬಾಯಿಗೆ ಅಡ್ಡಲಾಗಿ ತೂಗುವ ವೆರಜಾನೋ ಸೇತುವೆ. ೧೯೬೪ರ ನವೆಂಬರಿನಲ್ಲಿ ತೆರೆದಾಗ, ೪,೨೬೦ ಅಡಿಯ ನಡುಹರವಿನಿಂದ ಅದು ಲೋಕದ ತೂಗುಸೇತುವೆಗಳಲ್ಲೆಲ್ಲ ಉದ್ದವಾದುದಾಗಿತ್ತು. ೧೯೮೧ರವರೆಗೂ ಆ ಹೆಮ್ಮೆ ಅದರದಾಗಿತ್ತು. ಎರಡು ಗೋಪುರಗಳೂ ನೆಟ್ಟಗೆ ನಿಂತಿದ್ದರೂ, ಭೂಮಿಯು ಗುಂಡಾಗಿರುವುದರಿಂದ ಬುಡಕ್ಕಿಂತ ತುದಿಯಲ್ಲಿ ಅವುಗಳ ಅಂತರವು ಒಂದೂವರೆ ಅಂಗುಲಕ್ಕೂ ಮಿಕ್ಕಿ ಹೆಚ್ಚಿದೆಯೆಂದು ಹೇಳುವರು. ಸಂಜೆಯ ಬೆಳಕಿನಲ್ಲಿ ಅದನ್ನು ದಡದಿಂದ ನೋಡುವುದು ಕಣ್ಣಿಗೆ ಹಬ್ಬ. ಆದರೆ ದಡದಿಂದಲೇ ನೋಡಬೇಕು: ಆ ಸೇತುವೆಯ ಮೇಲೆ ರೈಲೂ ಇಲ್ಲ, ನಡೆಯುವವನಿಗೆ ಹಾದಿಯೂ ಇಲ್ಲ. ವರ್ಷಕ್ಕೊಂದು ಸಲ, ಮ್ಯಾರಥಾನ್ ಓಟದ ದಿನ, ಸಾವಿರಾರು ಓಟಗಾರರು ಅದನ್ನು ದಾಟುವುದುಂಟು. ಕೌಟಿಲ್ಯನ ಅರ್ಥಶಾಸ್ತ್ರದ ದುರ್ಗನಿವೇಶದ ಅಧ್ಯಾಯದಲ್ಲಿ ರಾಜಮಾರ್ಗಕ್ಕೆ ಎಂಟು ದಂಡದ ಅಗಲವನ್ನು ಹೇಳಿ, ರಥಕ್ಕಿಷ್ಟು, ದನಕರುಗಳಿಗಿಷ್ಟು ಎಂದು ಎಣಿಸುತ್ತ, ಕಡೆಗೆ ಕುರಿಮೇಕೆಗಳಿಗೂ ಮನುಷ್ಯರಿಗೂ ಎರಡು ಅರತ್ನಿ, ಎಂದರೆ ಎರಡು ಮೊಳ, ಅಗಲದ ಹಾದಿಯನ್ನು ವಿಧಿಸಿದೆ. ದಂಡನೀತಿಯಲ್ಲಿ ಕಠಿನನೆಂದು ಹೆಸರಾದ ಕೌಟಿಲ್ಯನೂ ಮರೆಯದ ಆ ಎರಡು ಮೊಳವು, ಹನ್ನೆರಡು ಮೋಟಾರುಸಾಲುಗಳಿಗೆ ಎಡೆಯಿದ್ದ ಈ ಸೇತುವೆಯಲ್ಲಿ ದೊರೆಯಲಿಲ್ಲ.

ಇಷ್ಟನ್ನೂ ಒಟ್ಟಿಗೆ ನೋಡಬೇಕೆನ್ನುವವರು ಕ್ವೀನ್ಸಿನ ಫ್ಲಷಿಂಗ್ ಮೆಡೋಸ್ ಉಪವನದ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಹಿಂದೆ ಬೂದಿಯ ರಾಶಿಗಳಿಂದ ತುಂಬಿದ್ದ ಆ ಜೌಗನ್ನು ಮೋಸೆಸ್ಸರು ೧೯೩೯ರ ಲೋಕಪ್ರದರ್ಶನಕ್ಕಾಗಿ ಉಪವನವಾಗಿ ಮಾಡಿದರು. ೧೯೬೪ರ ಎರಡನೆಯ ಪ್ರದರ್ಶನಕ್ಕಾಗಿ ಅವರು ಮಾಡಿಸಿದ ನಗರದ ಪ್ರತಿಕೃತಿಯು ೯,೩೩೫ ಚದರಡಿಯ ನೆಲವನ್ನು ತುಂಬಿ ಅಲ್ಲಿ ಹರಡಿದೆ. ನೂರು ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ಒಂದೊಂದು ಮನೆಯೂ ಉಂಟು. ಸುತ್ತಲಿನ ಜಗಲಿಯಿಂದ ಕೆಳಗೆ ನೋಡಿದರೆ ನಾವು ಸುತ್ತಿದ ಹಾದಿಗಳೆಲ್ಲ ಕಾಣುವುವು, ಸೇತುವೆಗಳು ಥಳಥಳಿಸುವುವು. ಆದರೆ ಮನುಷ್ಯರು ಕಾಣರು. ಮೇಲಿನಿಂದ ನೋಡುವವನಿಗೆ ಈಸ್ಟ್ ಟ್ರೆಮಾಂಟ್ ಎಂಬುದು ಬೆರಳಿನಿಂದ ಸರಿಸಬಹುದಾದ ಕೆಲವು ಕಡ್ಡಿಪೆಟ್ಟಿಗೆಗಳು ಮಾತ್ರ.

ಆ ಉಪವನದಿಂದ ಹೊರಬಂದು, ಏಳನೆಯ ಸಂಖ್ಯೆಯ ರೈಲನ್ನು ಹತ್ತಿ ಫ್ಲಷಿಂಗಿಗೆ ಹೋದೆವು. ಅಲ್ಲಿ ೧೯೭೭ರಲ್ಲಿ ಪ್ರತಿಷ್ಠೆಯಾದ ಮಹಾವಲ್ಲಭ ಗಣಪತಿಯ ದೇವಸ್ಥಾನವಿದೆ. ಗಾಡಿಯಲ್ಲಿ ನಮ್ಮ ಕಡೆಯ ಮುದುಕಿಯೊಬ್ಬರು ಹೂವಿನ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. “ಮಗ ಸೊಸೆ ಕೆಲಸಕ್ಕೆ ಹೋಗ್ತಾರೆ, ಕಾರು ನಡೆಸೋಕೆ ನನಗೆ ಬರೋಲ್ಲ. ಈ ರೈಲೊಂದು ಇಲ್ಲದಿದ್ದರೆ ನಾನು ಮನೇಲೇ ಕೂತಿರಬೇಕಾಗಿತ್ತು ಸ್ವಾಮಿ” ಎಂದರು. ಮೋಸೆಸ್ಸರ ಸೇತುವೆಗಳಿಗಿಂತ ಮೊದಲೇ, ೧೯೨೮ರಲ್ಲಿ, ಅಲ್ಲಿಯವರೆಗೆ ಬಂದು ಮುಟ್ಟಿದ ಆ ರೈಲು ಲೋಕದ ಎಲ್ಲ ದೇಶಗಳ ಅಜ್ಜಿಯರನ್ನೂ ಕೂಲಿಕಾರರನ್ನೂ ಇಂದಿಗೂ ಹೊರುತ್ತಿದೆ.

ಮೋಸೆಸ್ಸರ ಅಧಿಕಾರವು ೧೯೬೮ರ ಮಾರ್ಚಿನಲ್ಲಿ ಮುಗಿಯಿತು. ಗವರ್ನರ್ ನೆಲ್ಸನ್ ರಾಕ್‌ಫೆಲರರು ಟ್ರೈಬರೋ ಮಂಡಲಿಯನ್ನು ರೈಲುಬಸ್ಸುಗಳ ಮಹಾಮಂಡಲಿಯೊಳಗೆ ಸೇರಿಸಿಬಿಟ್ಟರು. ಸೇತುವೆಯ ಸುಂಕದಲ್ಲಿ ಮಿಕ್ಕುದು ಅಂದಿನಿಂದ ರೈಲುಬಸ್ಸುಗಳಿಗೆ ಆಧಾರವಾಯಿತು. ಮೋಸೆಸ್ಸರು ೧೯೮೧ರಲ್ಲಿ ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು. ೨೦೨೫ರ ಜನವರಿ ೫ರಂದು, ಮ್ಯಾನ್‌ಹಟನ್ನಿನ ಅರುವತ್ತನೆಯ ಬೀದಿಯಿಂದ ದಕ್ಷಿಣಕ್ಕೆ ಪ್ರವೇಶಿಸುವ ಮೋಟಾರುಗಳಿಗೆ ಹಗಲಿನಲ್ಲಿ ಒಂಬತ್ತು ಡಾಲರಿನ ಸುಂಕವು ಜಾರಿಗೆ ಬಂದಿತು. ವ್ಯಾಜ್ಯಗಳು ನಡೆದುವು, ಬೈದವರೂ ಹಲವರಾದರು. ಆ ಹಣವನ್ನು ರೈಲುಬಸ್ಸುಗಳ ಸುಧಾರಣೆಗೆಂದು ವಿಧಿಸಿದೆ. ಅದನ್ನು ಕೂಡಿಸುವ ಅಧಿಕಾರವು ಕಾನೂನಿನಂತೆ ಯಾವ ಮಂಡಲಿಯದು ಬಲ್ಲಿರಾ? ಮೋಸೆಸ್ಸರು ಕಟ್ಟಿ ಬೆಳೆಸಿದ ಅದೇ ಟ್ರೈಬರೋ ಮಂಡಲಿಯದು.

“ಊರು ಉಪಕಾರ ಅರಿಯದು” ಎಂಬ ಗಾದೆಯನ್ನು ಅವರ ಅಭಿಮಾನಿಗಳು ಹೇಳಿಕೊಳ್ಳಬಹುದು. ೨೦೦೭ರಲ್ಲಿ ಆ ನಗರದ ಮೂರು ಕಡೆಗಳಲ್ಲಿ ಅವರ ಕಾರ್ಯಗಳ ಪ್ರದರ್ಶನವನ್ನೇರ್ಪಡಿಸಿ, ಇಷ್ಟನ್ನು ಕಟ್ಟಿದವನಿಲ್ಲದಿದ್ದರೆ ನಗರವೇ ಹಿಂದೆ ಬೀಳುತ್ತಿತ್ತೆಂದು ವಾದಿಸಿದ ವಿದ್ವಾಂಸರುಂಟು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಕಡಲತೀರದ ಮಕ್ಕಳ ನಗುವನ್ನು ಕಂಡವರು ಮೋಸೆಸ್ಸರನ್ನು ಬರಿಯ ದುಷ್ಟನೆನ್ನಲಾರರು. ಬ್ರಾಂಕ್ಸಿನ ಆ ಕಂದಕದ ಮೇಲೆ ನಿಂತವರು ಬರಿಯ ಮಹಾತ್ಮನೆನ್ನಲಾರರು. ಕಟ್ಟುವ ಶಕ್ತಿಯೂ ಬಿಟ್ಟುಕೊಡುವ ಬುದ್ಧಿಯೂ ಒಬ್ಬನಲ್ಲಿ ಕೂಡುವುದು ಅಪೂರ್ವ. ಕೂಡದಿದ್ದಾಗ ಆ ಎರಡನೆಯದನ್ನು ಊರೇ ಮಾಡಿಕೊಳ್ಳಬೇಕಾಗುವುದು. ನ್ಯೂಯಾರ್ಕಿನವರು ಅದನ್ನು ತಡವಾಗಿ ಮಾಡಿಕೊಂಡರು. ಕರ್ತೃವು ಬಿಡದ ನೀರನ್ನು ಊರು ಬಿಟ್ಟಿತು. ಒಬ್ಬರ ಮಂಡಲಿಯಾಗಿದ್ದುದು ಎಲ್ಲರ ಗಾಡಿಗಳಿಗೆ ಹಣ ತರುವ ಸಾಧನವಾಯಿತು. ಒಕ್ಕಲೆದ್ದ ಸಂಸಾರಗಳು ಮಾತ್ರ ಮರಳಿ ಬರಲಿಲ್ಲ.